ಹೊಲದ ಸಾಮಾನು ಅಡ್ಡ ಇಟ್ಟು ಕುದುರೆ ಹಾರಿಸಬಹುದಾ? ಅಪಾಯ ಎಷ್ಟು?

ಹಾರಿಸಬಹುದು, ಮಜಾನೂ ಇದೆ. ನಮ್ಮ ಜತ್ತ, ಅಕ್ಕಲಕೋಟ ಕಡೆ ರಾಶಿ ಮುಗಿದ ಮೇಲೆ ಹೊಲ ಖಾಲಿ ಬಿದ್ದಿರುತ್ತದೆ, ಜೋಳದ ಕಣಿಕೆಯ ಸಿವುಡುಗಳನ್ನು, ಅಂದರೆ ಒಣ ದಂಟಿನ ಕಟ್ಟುಗಳನ್ನು, ಸಾಲಾಗಿ ಇಟ್ಟರೆ ಸಾಕು. ಕಾಲು ತಾಗಿದರೆ ಚದುರುತ್ತದೆ ಅಷ್ಟೇ.

ಅಸಲಿ ವಿಷಯ ಅದೇ, ತಾಗಿದಾಗ ಬೀಳಬೇಕು. ಜಂಪಿಂಗ್ ಸ್ಪರ್ಧೆಗಳಲ್ಲಿ ಕೋಲನ್ನು ಕಟ್ಟಿರುವುದಿಲ್ಲ, ಸಣ್ಣ ಬಟ್ಟಲಿನಂಥ ಹಿಡಿಕೆಯ ಮೇಲೆ ಸುಮ್ನೆ ಕೂರಿಸಿರುತ್ತಾರೆ. ನೀವು ಎರಡು ಡ್ರಮ್ ನಡುವೆ ಬಿದಿರನ್ನು ಹಗ್ಗದಿಂದ ಬಿಗಿದರೆ ಮುಂಗಾಲು ಸಿಕ್ಕಿಕೊಂಡು ಕುದುರೆ ಪಲ್ಟಿ ಹೊಡೆದು ಸವಾರನ ಮೇಲೇ ಬೀಳಬಹುದು, ಜೀವ ಹೋಗುವುದು ಇಂಥದ್ದರಲ್ಲೇ. ನೊಗ, ಕುಂಟೆ, ಮುಳ್ಳುತಂತಿ ಬೇಡವೇ ಬೇಡ.

ಕುದುರೆಗೆ ಮೂಗಿನ ನೇರ ಮುಂದಿನ ಸ್ವಲ್ಪ ಜಾಗ ಕಾಣುವುದಿಲ್ಲ. ಅಂದರೆ ಕೊನೆ ಗಳಿಗೆಯಲ್ಲಿ ಅದು ಮೊದಲು ನೋಡಿದ್ದನ್ನು ನಂಬಿಯೇ ಎಗರುತ್ತದೆ! ಹಾಗಾಗಿ ಅಡ್ಡದ ಬುಡದಲ್ಲಿ, ಬರುವ ಬದಿಗೆ, ಒಂದು ಕೋಲು ಮಲಗಿಸಿ, ದೂರದ ಅಂದಾಜು ಸಿಗುತ್ತದೆ. ಕೆಂಪು, ಹಸಿರು ಕುದುರೆಗೆ ಸರಿಯಾಗಿ ಬೇರೆ ಬೇರೆಯಾಗಿ ಕಾಣುವುದಿಲ್ಲ, ಸುಣ್ಣ ಬಳಿದದ್ದು ವಾಸಿ.

ಇನ್ನು ನೆಲ. ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ ಅಲ್ವಾ, ಆ ಬಿರುಕಿಗೆ ಗೊರಸು ಇಳಿದರೆ ಕಾಲು ಮುರಿದೀತು. ಕೊಯ್ದ ಜೋಳದ ಕೂಳೆಯೂ ಚುಚ್ಚುತ್ತದೆ. ಇಳಿಯುವ ಜಾಗ ಮೊದಲು ನಡೆದು ನೋಡಿ. ಸವಾರಿಯ ಹೆಲ್ಮೆಟ್ ಹಾಕಿ, ಒಬ್ಬರೇ ಹೋಗಬೇಡಿ, ಮದುವೆ ಮೆರವಣಿಗೆ ಕುದುರೆಯಾದರೆ ಮೊದಲು ನೆಲದ ಮೇಲಿಟ್ಟ ಕೋಲು ದಾಟಿಸಿ, ಆಮೇಲೆ ಮೊಣಕಾಲೆತ್ತರ. ಅದಕ್ಕಿಂತ ಜಾಸ್ತಿ ಬೇಕಾದರೆ ಕಲಿಸುವವರ ಹತ್ತಿರ ಹೋಗಿ.