ಫೋಲ್ಡರಿನ ಚಿತ್ರ ಹೊತ್ತ ಕುತಂತ್ರಾಂಶ

ಪ್ರಶ್ನೆ: ಮಗಳ ಕಾಲೇಜಿನ ಪ್ರಾಜೆಕ್ಟ್ ವರದಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆವು. ಮನೆಗೆ ಬಂದು ನೋಡಿದರೆ ಅದರಲ್ಲಿದ್ದ ಫೋಲ್ಡರ್‌ಗಳೆಲ್ಲ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳಾಗಿವೆ. ಆದರೆ ಕ್ಲಿಕ್ ಮಾಡಿದರೆ ಎಂದಿನಂತೆಯೇ ತೆರೆದುಕೊಳ್ಳುತ್ತವೆ. ಇದು ವೈರಸ್ಸೇ? ಫಾರ್ಮ್ಯಾಟ್ ಮಾಡಿಬಿಡಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಈಗಲೇ ಫಾರ್ಮ್ಯಾಟ್ ಮಾಡಬೇಡಿ; ಆ ಶಾರ್ಟ್‌ಕಟ್‌ಗಳನ್ನು ಇನ್ನೊಮ್ಮೆ ಕ್ಲಿಕ್ ಕೂಡ ಮಾಡಬೇಡಿ. ನೀವು ವಿವರಿಸಿರುವುದು ಕುತಂತ್ರಾಂಶದ್ದೇ (ವೈರಸ್‌ನಂಥ ಹಾನಿಕಾರಕ ತಂತ್ರಾಂಶ, ‘ಮಾಲ್‌ವೇರ್’) ಲಕ್ಷಣ, ಮತ್ತು ಫೋಲ್ಡರ್ ಎಂದಿನಂತೆ ತೆರೆದುಕೊಳ್ಳುವುದೇ ಅದರ ವೇಷದ ಮುಖ್ಯ ಭಾಗ. ಅದು ಪೆನ್‌ಡ್ರೈವ್‌ನ ಅಸಲಿ ಫೋಲ್ಡರ್‌ಗಳಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಎರಡು ಗುಣಗಳನ್ನು ಹಚ್ಚಿ ಅವು ಕಣ್ಣಿಗೆ ಬೀಳದಂತೆ ಮಾಡುತ್ತದೆ. ಕೆಲವು ಬಗೆಯವು ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರ್‌ಗೆ ಸರಿಸಿಬಿಡುತ್ತವೆ. ಬಳಿಕ ಅದೇ ಹೆಸರಿನ, ಫೋಲ್ಡರಿನದೇ ಚಿತ್ರವಿರುವ ಶಾರ್ಟ್‌ಕಟ್ ಆ ಜಾಗಕ್ಕೆ ಬರುತ್ತದೆ. ನೀವು ಅದನ್ನು ಕ್ಲಿಕ್ ಮಾಡಿದಾಗ ಪೆನ್‌ಡ್ರೈವ್‌ನಲ್ಲೇ ಅಡಗಿರುವ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆ ಕೊಡುವ ಪುಟ್ಟ ಪ್ರೋಗ್ರಾಂ, ಮೊದಲು ಚಾಲೂ ಆಗುತ್ತದೆ, ಅದರ ಬೆನ್ನಿಗೇ ಅಸಲಿ ಫೋಲ್ಡರ್ ತೆರೆದುಕೊಳ್ಳುತ್ತದೆ. ಬೇಕಾದದ್ದು ಸಿಕ್ಕಿದ್ದರಿಂದ ನಿಮಗೆ ಸಂಶಯ ಬರುವುದಿಲ್ಲ. ಶಾರ್ಟ್‌ಕಟ್‌ನ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದು ‘ಟಾರ್ಗೆಟ್’ ಎಂಬ ಸಾಲನ್ನು ಓದಿ ನೋಡಿ: ಫೋಲ್ಡರಿನ ವಿಳಾಸವಷ್ಟೇ ಇರಬೇಕಾದಲ್ಲಿ ‘ಸಿಎಂಡಿ’ (cmd) ಅಥವಾ ‘ಡಬ್ಲ್ಯೂಸ್ಕ್ರಿಪ್ಟ್’ (wscript) ಎಂದು ಆರಂಭವಾಗುವ ಉದ್ದನೆಯ ಆಜ್ಞೆ ಕಂಡರೆ ಅನುಮಾನವೇ ಬೇಡ.

ಹೀಗೆ ಒಮ್ಮೆ ಚಾಲೂ ಆದ ಸ್ಕ್ರಿಪ್ಟ್ ಸಾಮಾನ್ಯವಾಗಿ ‘ಆ್ಯಪ್‌ಡೇಟಾ’ ಎಂಬ, ನಾವ್ಯಾರೂ ಇಣುಕದ ಫೋಲ್ಡರಿನಲ್ಲಿ ತನ್ನ ಪ್ರತಿಯನ್ನಿಟ್ಟು, ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನೂ ಏಳುವಂತೆ ವಿಂಡೋಸಿನ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿಕೊಂಡು, ಮುಂದಿನ ಪೆನ್‌ಡ್ರೈವ್‌ಗಾಗಿ ಕಾಯುತ್ತದೆ. ಕೆಲವು ದೂರದ ಸರ್ವರ್ ಒಂದನ್ನು ಸಂಪರ್ಕಿಸಿ ಇನ್ನಷ್ಟು ಅಪಾಯಕಾರಿ ಪ್ರೋಗ್ರಾಂಗಳನ್ನು ತರಿಸಿಕೊಳ್ಳುವುದೂ ಉಂಟು. ನೀವು ಕ್ಲಿಕ್ ಮಾಡಿರುವುದರಿಂದ ನಿಮ್ಮ ಕಂಪ್ಯೂಟರಿಗೂ ಸೋಂಕು ತಗುಲಿದೆ ಎಂದೇ ತಿಳಿದು ಮುಂದುವರಿಯಬೇಕು.

ಹಿಂದೆ ಇಷ್ಟು ವೇಷವೇ ಬೇಕಿರಲಿಲ್ಲ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಎಂಬ ವರ್ಮ್‌ನ (ತನ್ನನ್ನು ತಾನೇ ಹರಡಿಕೊಳ್ಳುವ ಕುತಂತ್ರಾಂಶ) ಕೆಲವು ಬಗೆಗಳು, ಚುಚ್ಚಿದ ಡ್ರೈವ್‌ನಲ್ಲಿರುವ ಪ್ರೋಗ್ರಾಂ ಅನ್ನು ಚಾಲೂ ಮಾಡಲು ನೆರವಾಗುವ ವಿಂಡೋಸಿನ ‘ಆಟೋರನ್’ ಸೌಲಭ್ಯವನ್ನೇ ಬಳಸಿಕೊಂಡವು. ಪೆನ್‌ಡ್ರೈವ್ ಚುಚ್ಚಿದೊಡನೆ ಏಳುವ ಕಿಟಕಿಯಲ್ಲಿ ‘ಫೋಲ್ಡರ್ ತೆರೆದು ಕಡತಗಳನ್ನು ನೋಡಿ’ ಎಂಬರ್ಥದ ಸಾಲು, ಫೋಲ್ಡರಿನ ಚಿತ್ರದ ಸಮೇತ, ಎರಡು ಕಡೆ ಕಾಣುತ್ತಿತ್ತು. ಕೆಳಗಿನದು ವಿಂಡೋಸಿನದು, ಮೇಲಿನದು ವರ್ಮ್‌ನದು. ‘ಪ್ರೋಗ್ರಾಂ ಅನ್ನು ಚಾಲನೆ ಮಾಡಿ’ ಎಂಬ ಶೀರ್ಷಿಕೆಯ ಅಡಿಯಲ್ಲಿ ಅದು ಇತ್ತೆಂಬುದೊಂದೇ ವ್ಯತ್ಯಾಸ, ಮತ್ತು ಅವಸರದಲ್ಲಿರುವವರು ಶೀರ್ಷಿಕೆಯನ್ನು ಓದುವುದಿಲ್ಲ. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳಿಗೆ ಈ ಸೌಲಭ್ಯವನ್ನು ತೆಗೆದುಹಾಕಲಾಯಿತು. 2011ರ ಫೆಬ್ರುವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾಗಳಿಗೂ ಅದೇ ತಿದ್ದುಪಡಿ ಬಂತು. ಆ ದಾರಿ ಮುಚ್ಚಿದ ಮೇಲೆ ಬಳಕೆದಾರರ ಕೈಯಿಂದಲೇ ಕ್ಲಿಕ್ ಮಾಡಿಸುವ ಶಾರ್ಟ್‌ಕಟ್ ಕುತಂತ್ರಾಂಶ ಬರೆಯುವವರಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಈಗ ಪರಿಹಾರ. ಮೊದಲು ಕಂಪ್ಯೂಟರನ್ನೇ ಶುಚಿಗೊಳಿಸಿ. ಇಲ್ಲವಾದರೆ ಶುಚಿಯಾದ ಪೆನ್‌ಡ್ರೈವ್‌ಗೆ ಮರುಗಳಿಗೆಯಲ್ಲೇ ಸೋಂಕು ಮರಳುತ್ತದೆ. ವಿಂಡೋಸಿನೊಂದಿಗೇ ಬರುವ ಆ್ಯಂಟಿವೈರಸ್ ಆದ ಡಿಫೆಂಡರ್‌ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಎಂಬ ಆಯ್ಕೆಯಿದೆ. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಸುವುದರಿಂದ ಕುತಂತ್ರಾಂಶಕ್ಕೆ ಅಡಗಿಕೊಳ್ಳಲು ಅವಕಾಶ ಕಡಿಮೆ. ಬಳಿಕ ಪೆನ್‌ಡ್ರೈವ್ ಹಾಕಿ ಅದನ್ನೂ ಸ್ಕ್ಯಾನ್ ಮಾಡಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಕಡತಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ, ರಕ್ಷಿತ ಸಿಸ್ಟಮ್ ಕಡತಗಳನ್ನು ಬಚ್ಚಿಡುವ ಆಯ್ಕೆಯನ್ನು ತೆಗೆಯಿರಿ. ಎರಡನೆಯದನ್ನು ಮರೆಯುವುದರಿಂದಲೇ ಅನೇಕರು ಕಡತಗಳು ಅಳಿಸಿಹೋದವೆಂದು ಕೈಚೆಲ್ಲುತ್ತಾರೆ. ಕಾಣಿಸಿಕೊಂಡ ವರದಿ, ಫೋಟೊಗಳನ್ನಷ್ಟೇ ಬೇರೆಡೆಗೆ ಪ್ರತಿ ಮಾಡಿಕೊಂಡು, ಆಮೇಲೆ ಪೆನ್‌ಡ್ರೈವ್ ಅನ್ನು ಧಾರಾಳವಾಗಿ ಫಾರ್ಮ್ಯಾಟ್ ಮಾಡಿ. ದಿನವೂ ಹತ್ತಾರು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ಆದರೆ ಅವರಿಗೆ ವಿಷಯ ತಿಳಿಸಿ. ಬೇರೆ ಮಕ್ಕಳ ವರದಿಗಳೂ ಅಲ್ಲಿಗೇ ಹೋಗುತ್ತವೆ.

ಪ್ರಶ್ನೆ: ಇಮೇಲ್‌ನಲ್ಲಿ ಬಂದ ಕಡತದ ಹೆಸರು ‘ಪಿಡಿಎಫ್’ ಎಂದು ಮುಗಿಯುತ್ತಿತ್ತು, ಪಿಡಿಎಫ್‌ನ ಚಿತ್ರವೂ ಇತ್ತು. ಆದರೂ ಅದು ಪ್ರೋಗ್ರಾಂ ಎಂದು ಸಹೋದ್ಯೋಗಿಯೊಬ್ಬರು ತಡೆದರು. ಅದು ಹೇಗೆ ಸಾಧ್ಯ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅವರು ತಡೆದದ್ದು ಒಳ್ಳೆಯದಾಯಿತು. ತನಗೆ ಗೊತ್ತಿರುವ ಬಗೆಯ ಕಡತವಾದರೆ ಹೆಸರಿನ ಕೊನೆಯ ಭಾಗವನ್ನು, ಅಂದರೆ ಎಕ್ಸ್‌ಟೆನ್ಶನ್ ಅನ್ನು, ವಿಂಡೋಸ್ ತಾನಾಗಿಯೇ ಬಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟು ಜಗತ್ತಿನೆಲ್ಲೆಡೆ ಹರಡಿದ ‘ಐ ಲವ್ ಯೂ’ ವರ್ಮ್ ಬದುಕಿದ್ದು ಈ ಸೌಲಭ್ಯದಿಂದಲೇ. ಅದರ ಹೆಸರಿನ ಕೊನೆಯಲ್ಲಿ ‘ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್’ ಎಂದಿತ್ತು. ಸ್ಕ್ರಿಪ್ಟ್ ಎಂಬುದನ್ನು ಸೂಚಿಸುವ ವಿಬಿಎಸ್ ಮರೆಯಾಗಿ, ಪ್ರೇಮಪತ್ರವೆಂಬ ಹೆಸರಿನ ನಿರುಪದ್ರವಿ ಪಠ್ಯ ಕಡತದಂತೆ ಕಾಣುತ್ತಿತ್ತು. ತೆರೆದವರ ಫೋಟೊಗಳ ಮೇಲೆ ಅದು ತನ್ನ ಪ್ರತಿಯನ್ನೇ ಬರೆದು, ಔಟ್‌ಲುಕ್‌ನ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳಿಸಿಕೊಂಡಿತು. ಪರಿಚಿತರ ಹೆಸರಿನಲ್ಲೇ ಬಂದ ಪತ್ರವನ್ನು ಯಾರು ತಾನೇ ಶಂಕಿಸುತ್ತಾರೆ!

ಚಿತ್ರವನ್ನಂತೂ ನಂಬಲೇಬೇಡಿ; ಪ್ರೋಗ್ರಾಂ ಬರೆದವರು ತಮಗಿಷ್ಟವಾದ ಚಿತ್ರವನ್ನು ಅದರೊಳಗೆ ಇಡಬಹುದು. ವಿಂಡೋಸ್ 11ರಲ್ಲಿ ‘ವ್ಯೂ’, ‘ಶೋ’ ಎಂಬಲ್ಲಿಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಅನ್ನು ಇಂದೇ ಆನ್ ಮಾಡಿ. ಅಷ್ಟೇ ಸಾಲದು: ಅರೇಬಿಕ್, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ ಯೂನಿಕೋಡ್‌ ಎಂಬ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿರುವ ಅದೃಶ್ಯ ಅಕ್ಷರವೊಂದನ್ನು ಹೆಸರಿನ ನಡುವೆ ತುರುಕಿ, ‘ಇಎಕ್ಸ್‌ಇ’ (ಪ್ರೋಗ್ರಾಂ) ಕಡತ ‘ಪಿಡಿಎಫ್’ ಎಂದು ಮುಗಿಯುವಂತೆ ತೋರಿಸುವ ತಂತ್ರವೂ ಇದೆ. ಆದ್ದರಿಂದ ‘ಡೀಟೇಲ್ಸ್’ ನೋಟದಲ್ಲಿ ‘ಟೈಪ್’ ಎಂಬ ಕಾಲಂ ನೋಡಿ. ಅಲ್ಲಿ ‘ಅಪ್ಲಿಕೇಶನ್’ ಎಂದಿದ್ದರೆ, ಹೆಸರು ಏನೇ ಹೇಳಲಿ, ಅದು ಪ್ರೋಗ್ರಾಂ.

ಪ್ರಶ್ನೆ: ಚಾಲೂ ಇರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಎಸ್‌ವಿಸಿಹೋಸ್ಟ್’ (svchost) ಎಂಬುದು ಹತ್ತಾರು ಸಲ ಕಾಣುತ್ತಿದೆ. ಎಲ್ಲವನ್ನೂ ನಿಲ್ಲಿಸಿಬಿಡಲೇ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ವಿಂಡೋಸಿನ ಒಳಸೇವೆಗಳನ್ನು ನಡೆಸುವ ಪ್ರೋಗ್ರಾಂ ಅದು, ಹತ್ತಾರು ಇರುವುದು ಸಹಜ. ಈ ಸಂದಣಿಯಲ್ಲಿ ಒಂದಾಗಿ ನುಸುಳಲೆಂದೇ ಕುತಂತ್ರಾಂಶಗಳು ಅದೇ ಹೆಸರನ್ನೋ, ಒಂದೆರಡು ಅಕ್ಷರ ಹಿಂದುಮುಂದಾದ ಹೆಸರನ್ನೋ ಇಟ್ಟುಕೊಳ್ಳುತ್ತವೆ. ಸಂಶಯ ಬಂದದ್ದರ ಮೇಲೆ ಬಲ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿರಿ. ವಿಂಡೋಸ್ ಫೋಲ್ಡರಿನೊಳಗಿನ ‘ಸಿಸ್ಟಮ್32’ ತೆರೆದರೆ ಬಹುಮಟ್ಟಿಗೆ ಅಸಲಿ. ಡೌನ್‌ಲೋಡ್ಸ್, ಟೆಂಪ್ ಅಥವಾ ಆ್ಯಪ್‌ಡೇಟಾ ತೆರೆದರೆ ನಕಲಿ. ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ: ಅಸಲಿ ಪ್ರೋಗ್ರಾಂ ಅನ್ನೇ ಚಾಲೂ ಮಾಡಿ, ಮೆಮೊರಿಯಲ್ಲಿ ಅದರ ಒಡಲನ್ನು ಖಾಲಿ ಮಾಡಿ ತನ್ನ ಸೂಚನೆಗಳನ್ನು ತುಂಬುವ ಕುತಂತ್ರಾಂಶಗಳೂ ಇವೆ. ಅಲ್ಲಿ ಹೆಸರು, ಜಾಗ ಎರಡೂ ಸರಿಯಾಗಿಯೇ ಇರುತ್ತವೆ. ನೀವು ಏನೂ ಮಾಡದಿದ್ದಾಗಲೂ ಅದು ನೆಟ್ ಬಳಸುತ್ತಲೇ ಇದ್ದು, ಡಿಫೆಂಡರ್ ತಾನಾಗಿ ಆಫ್ ಆಗುತ್ತಿದ್ದರೆ, ಮೇಲೆ ಹೇಳಿದ ಆಫ್‌ಲೈನ್ ಸ್ಕ್ಯಾನ್ ಮಾಡಿಸಿ. ಅದು ಮುಗಿಯುವವರೆಗೆ ಆ ಕಂಪ್ಯೂಟರಿನಿಂದ ಬ್ಯಾಂಕ್ ವ್ಯವಹಾರ ಬೇಡ.