ನಿನ್ನ ಗಂಡನಿಗೆ ಚಳಿ ಆಗಲ್ಲ ಅಂದ್ರೆ ನಿಂಗೂ ಆಗಲ್ಲ ಅಂತಲ್ಲ

ಹೊಸನಗರದಿಂದ ಜನವರಿಗೆ ಕೆನಡಾದ ವಿನ್ನಿಪೆಗ್‌ಗೆ ಬರ್ತಿರೋ ತಂಗಿ, ನೀನು ಬಾಡಿಗೆ ಕೇಳಿದೀಯ, ಊಟ ಕೇಳಿದೀಯ, ಆಮೇಲೆ ಕೊನೆಗೆ ಸಣ್ಣದಾಗಿ, ಊರಲ್ಲೇ ಚಳಿಗಾಲದ ಬೆಳಿಗ್ಗೆ ನನ್ನ ಬೆರಳು ಬೆಳ್ಳಗಾಗ್ತವೆ, ನಮ್ಮನೆಯವ್ರು ಒಂದು ಗ್ಲೌಸ್ ಇದ್ರೆ ಸಾಕು ಅಂತಾರೆ, ಸಾಕಾ ಅಂತ ಕೇಳಿದೀಯ. ಬಾಡಿಗೆ ಈಗ ಬಂದಿರೋರನ್ನ ಕೇಳು, ನಂಗೆ ಗೊತ್ತಿರೋದು ಹಳೇ ರೇಟು. ಅಕ್ಕಿ ಬೇಳೆ ಎಲ್ಲ ಸಿಗತ್ತೆ, ಅಪ್ಪೆಮಿಡಿ ಮಾತ್ರ ಅಮ್ಮನ ಹತ್ರ ಕಟ್ಟಿಸ್ಕೊಂಡು ಬಾ.

ಗ್ಲೌಸ್ ಸಾಕಾಗಲ್ಲ ಮಾರಾಯ್ತಿ. ನಾನು ತೀರ್ಥಹಳ್ಳಿಯಿಂದ ಬಂದಿದ್ದೂ ಜನವರಿಲೇ, ಏರ್‌ಪೋರ್ಟ್ ಬಾಗ್ಲು ದಾಟಿದ ಕೂಡ್ಲೇ ಮೂಗಿನೊಳಗಿನ ಕೂದ್ಲು ಹೆಪ್ಪುಗಟ್ಟಿತು, ಆಗುಂಬೆ ಮಳೆ ಕಂಡೋಳು ನಾನು ಅನ್ನೋ ಧೈರ್ಯ ಅಲ್ಲೇ ಇಳೀತು. ಗಾಳಿ ಸೇರಿ ಮೈನಸ್ 28ರಿಂದ ಕೆಳಗೆ ಹೋದ್ರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು.

ಹೆಂಗಸರ ಕೈಕಾಲಿನ ರಕ್ತನಾಳ ಚಳಿಗೆ ಬೇಗ ಬಿಗಿಯಾಗತ್ತೆ, ಒಳಗಿನ ಮೈ ಬೆಚ್ಚಗಿದ್ರೂ ಬೆರಳು ತಣ್ಣಗಿರತ್ತೆ. ನಿನ್ನ ಹಾಗೆ ಬೆರಳು ಬೆಳ್ಳಗಾಗೋ ರೇನಾಡ್ಸ್ ಅನ್ನೋ ತೊಂದರೆ ಕೂಡ, ಒದ್ದೆ ಚಳಿಗೆ ಕಾಲ್ಬೆರಳು ಊದಿಕೊಂಡು ತುರಿಸೋ ಚಿಲ್‌ಬ್ಲೇನ್ಸ್ ಕೂಡ ನಮ್ಮ ಹೆಂಗಸರಲ್ಲೇ ಜಾಸ್ತಿ. ಫ್ರಾಸ್ಟ್‌ಬೈಟ್, ಅಂದ್ರೆ ಚಳಿಗೆ ಚರ್ಮ ಹೆಪ್ಪುಗಟ್ಟೋ ಗಾಯ ಆಗಿ ಆಸ್ಪತ್ರೆಗೆ ಬರೋರಲ್ಲಿ ಗಂಡಸರೇ ಜಾಸ್ತಿ ಇರೋದು ನಿಜ, ಹೊರಗಿನ ಕೆಲಸ, ಕುಡಿತ, ಮನೆ ಇಲ್ಲದೆ ಬೀದಿಲಿ ಮಲಗೋದು, ಇವು ದೊಡ್ಡ ಕಾರಣ. ಆ ಲೆಕ್ಕ ನೋಡಿ ಹೆಂಗಸರಿಗೇನೂ ಆಗಲ್ಲ ಅಂದ್ಕೋಬೇಡ. ಗಂಡನ ಕೈ ಬೆಚ್ಚಗಿದೆ ಅಂತ ನೀನು ನೋವು ನುಂಗ್ಕೊಂಡು ಬಸ್ ಸ್ಟಾಪಲ್ಲಿ ನಿಲ್ಲಬೇಡ, ಒಳಗೆ ಹೋಗು. ನಮ್ಮ ಬಣ್ಣದ ಚರ್ಮದಲ್ಲಿ ಫ್ರಾಸ್ಟ್‌ಬೈಟ್ ಫೋಟೋಗಳಲ್ಲಿ ತೋರಿಸೋ ಕೆಂಪು ಸರಿಯಾಗಿ ಕಾಣಲ್ಲ, ಬೂದಿ ಬಣ್ಣಕ್ಕೆ ಅಥವಾ ನೇರಳೆಗೆ ತಿರುಗಿದ್ಯಾ ನೋಡು, ಮುಟ್ಟಿದ್ರೆ ಮೇಣದ ಥರ ಗಟ್ಟಿ ಇದ್ಯಾ ನೋಡು. ನೋವು ಇದ್ದಕ್ಕಿದ್ದಂಗೆ ಹೋಗಿ ಮರಗಟ್ಟಿದ್ರೆ ಅದು ಗುಣ ಆಗಿದ್ದಲ್ಲ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಜೊತೆಗೇ ಬಂದ ಶೃಂಗೇರಿ ಕಡೆ ಹುಡುಗಿ, ಚಂದದ ಬಿಗಿ ಬೂಟ್ ಹಾಕ್ಕೊಂಡು ಕೆಲಸದಿಂದ ನಡ್ಕೊಂಡು ಬಂದ್ಲು, ಕಾಲು ಮರಗಟ್ಟಿತ್ತು. ನಮ್ಮಲ್ಲಿ ಮಳೇಲಿ ತೋಟದಿಂದ ಬಂದ್ರೆ ಏನ್ ಮಾಡ್ತೀವಿ, ಬಚ್ಚಲೊಲೆ ಮುಂದೆ ಕಾಲು ಚಾಚ್ತೀವಿ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ತೀವಿ. ಅವಳೂ ಹಾಗೇ ತಿಕ್ಕಿ ಹೀಟರ್‌ಗೆ ಕಾಲು ಒತ್ತಿ ಕೂತ್ಲು. ಸ್ಪರ್ಶವೇ ಇಲ್ಲದ ಚರ್ಮಕ್ಕೆ ಸುಡೋದು ಗೊತ್ತಾಗಲ್ಲ, ಚಳಿ ಗಾಯದ ಮೇಲೆ ಸುಟ್ಟ ಗಾಯ. ಊದಿದ ಬೆರಳಿಂದ ಕಾಲುಂಗುರ ಕತ್ತರಿಸಿ ತೆಗೆದ್ರು, ಅದು ಅವಳತ್ತೆ ಹಾಕಿದ್ದು, ಅದಕ್ಕೇ ಜಾಸ್ತಿ ಅತ್ಲು. ಬೆರಳು ಉಳೀತು, ಆದ್ರೆ ಈಗಲೂ ಅಕ್ಟೋಬರ್ ಬಂದ್ರೆ ಆ ಕಾಲು ಉರಿಯತ್ತೆ. ಆವತ್ತು ಅವಳ ಜೊತೆ ಒಬ್ಬರಾದ್ರೂ ಇದ್ದಿದ್ರೆ ಅಂತ ನಂಗೆ ಇವತ್ತಿಗೂ ಕೊರಗು.

ಹಾಗೇನಾದ್ರೂ ಆದ್ರೆ ತಿಕ್ಕಬೇಡ, ಬೆಂಕಿ ಬೇಡ, ಹಿಮ ಉಜ್ಜೋದಂತೂ ಬೇಡವೇ ಬೇಡ. ಉಂಗುರ, ಬಳೆ, ಕಾಲುಂಗುರ ಊದೋ ಮುಂಚೆ ತೆಗಿ. ಮತ್ತೆ ಹೊರಗೆ ಹೋಗಿ ಹೆಪ್ಪುಗಟ್ಟೋ ಭಯ ಇಲ್ಲ ಅಂದ್ರೆ ಮಾತ್ರ 37ರಿಂದ 39 ಡಿಗ್ರಿ ನೀರಲ್ಲಿ ಅದ್ದು, ಬಿಸಿ ಎಷ್ಟಿದೆ ಅಂತ ಥರ್ಮಾಮೀಟರಲ್ಲಿ ನೋಡು, ಮರಗಟ್ಟಿದ ಕೈಲಿ ಅಲ್ಲ. ಜೀವ ಬರುವಾಗ ಭಯಂಕರ ನೋವಾಗತ್ತೆ. ಬೊಬ್ಬೆ ಎದ್ರೆ, ಬೂದಿ ಬಣ್ಣ ಹೋಗದಿದ್ರೆ ಅವತ್ತೇ ಎಮರ್ಜೆನ್ಸಿಗೆ ಹೋಗು, ಗಾಯ ಆದ ಜಾಗದ ನಾಳದಲ್ಲಿ ಕಟ್ಟೋ ರಕ್ತದ ಗಡ್ಡೆ ಕರಗಿಸೋ ಔಷಧಿ ಬೇಕಾದ್ರೆ ಬೆಚ್ಚಗಾಗಿ 24 ಗಂಟೆ ಒಳಗೆ ಕೊಡಬೇಕು. ತೀವ್ರ ಫ್ರಾಸ್ಟ್‌ಬೈಟ್‌ಗೆ ಕೊಡೋ ಐಲೋಪ್ರೋಸ್ಟ್ ಅಂತ ಇನ್ನೊಂದು ಔಷಧಿಗೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಬಸುರಿ ಆಗಿದ್ರೆ, ಅನುಮಾನ ಇದ್ರೂ, ಡಾಕ್ಟರಿಗೆ ಮೊದ್ಲೇ ಹೇಳು.

ಹೊರಡೋ ಮುಂಚೆ ಶಿವಮೊಗ್ಗದಲ್ಲೇ ಹಿಮೋಗ್ಲೋಬಿನ್, ಥೈರಾಯ್ಡ್ ಟೆಸ್ಟ್ ಮಾಡಿಸು, ಬೆರಳು ಬೆಳ್ಳಗಾದಾಗ ಫೋಟೋ ತೆಗೆದಿಟ್ಟು ಡಾಕ್ಟರಿಗೆ ತೋರಿಸು. ಬೆರಳೆಲ್ಲ ಒಟ್ಟಿಗಿರೋ ಮಿಟನ್ಸ್ ತಗೋ, ಗ್ಲೌಸ್‌ಗಿಂತ ಬೆಚ್ಚಗಿರತ್ತೆ. ಬೂಟ್ ಅಲ್ಲಿ ತಗೋಬೇಡ, ಇಲ್ಲಿ ಬಂದ್ಮೇಲೆ ದಪ್ಪ ಸಾಕ್ಸ್ ಹಾಕ್ಕೊಂಡು ಹೋಗಿ ಬೆರಳು ಒಳಗೆ ಆಡೋ ಹಾಗೆ ಇರೋದನ್ನ ಆರಿಸೋಣ, ನಾನೇ ಜೊತೆಗೆ ಬರ್ತೀನಿ.