ತಾಯಿ ಕಾಣೆಯಾಗಿದ್ದಾರೆ, ಅವರ ಫೋನಿನಿಂದಲೇ ಹಣ ಕೇಳುವ ಕರೆ ಬಂದಿದೆ: ಮೊದಲು ಏನು ಮಾಡಬೇಕು?

ಪುಣೆ ಹತ್ತಿರದ ನಿಗಡಿಯ ನಿಮ್ಮ ಮನೆಯಿಂದ ನಿನ್ನೆ ಸಂಜೆ ವಾಕಿಂಗ್‌ಗೆಂದು ಹೊರಟ 72 ವರ್ಷದ ತಾಯಿಯವರು ಇನ್ನೂ ಮರಳಿಲ್ಲ, ಇಂದು ಬೆಳಿಗ್ಗೆ ಅವರದೇ ನಂಬರಿನಿಂದ ಯಾರೋ ಹಿಂದಿಯಲ್ಲಿ ಮಾತನಾಡಿ ಹತ್ತು ಲಕ್ಷ ಕೇಳಿದ್ದಾರೆ, ಪೊಲೀಸರಿಗೆ ತಿಳಿಸಿದರೆ ಜೀವ ತೆಗೆಯುತ್ತೇವೆ ಎಂದಿದ್ದಾರೆ, ಠಾಣೆಗೆ ಹೋಗಲೋ ಹಣ ಹೊಂದಿಸಲೋ ಎಂದು ಕೇಳಿದ್ದೀರಿ. ಠಾಣೆಗೆ ಹೋಗಿ. ಈಗಲೇ ಹೊರಡಿ, ಈ ಉತ್ತರದ ಉಳಿದ ಭಾಗವನ್ನು ರಿಕ್ಷಾದಲ್ಲಿ ಕುಳಿತು ಓದಬಹುದು. ಹೊರಡುವ ಸ್ಥಿತಿಯಲ್ಲಿ ನೀವಿಲ್ಲದಿದ್ದರೆ 112ಕ್ಕೆ ಕರೆ ಮಾಡಿ, ಪೊಲೀಸರೇ ಮನೆಗೆ ಬರುತ್ತಾರೆ.

ನಾನು ವಕೀಲನೂ ಅಲ್ಲ, ಪೊಲೀಸನೂ ಅಲ್ಲ. ಆದರೆ 2022ರ ಆಗಸ್ಟ್ ತಿಂಗಳಿನಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಮಾಟುಂಗದ ಹೋಟೆಲೊಂದರ ಅಡುಗೆಮನೆಯಲ್ಲಿ ನಲವತ್ತು ವರ್ಷ ದುಡಿದು ವಿಶ್ರಾಂತಿಯಲ್ಲಿದ್ದ ನನ್ನ ತಂದೆಯವರು ತಿಂಗಳಿಗೊಮ್ಮೆ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ, ಹಳೆಯ ಜೊತೆಗಾರರನ್ನು ಕಂಡು, ಮಧ್ಯಾಹ್ನದ ಊಟ ಮುಗಿಸಿ ಬರುತ್ತಿದ್ದರು. ಆ ದಿನ ಬೆಳಿಗ್ಗೆ ಹತ್ತಕ್ಕೆ ಹೊರಟವರು ಸಂಜೆ ಆರಾದರೂ ಬರಲಿಲ್ಲ. ಮಾಟುಂಗದವರನ್ನು ಕೇಳಿದರೆ ಅಲ್ಲಿಗೆ ಬಂದೇ ಇಲ್ಲ ಎಂದರು. ಅವರ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ. ರಾತ್ರಿ ಎಂಟೂಮುಕ್ಕಾಲಿಗೆ ಆ ನಂಬರಿನಿಂದಲೇ ಕರೆ ಬಂತು: "ತೇರಾ ಬಾಪ್ ಹಮಾರೇ ಪಾಸ್ ಹೈ." ಐದು ಲಕ್ಷ ಕೊಡಬೇಕು, ಅದರಲ್ಲಿ ಐವತ್ತು ಸಾವಿರವನ್ನು ಒಂದು ಗಂಟೆಯೊಳಗೆ ಯುಪಿಐ ಮೂಲಕ ಕಳಿಸಬೇಕು, ಪೊಲೀಸರ ಹತ್ತಿರ ಹೋದರೆ ತಂದೆ ಉಳಿಯುವುದಿಲ್ಲ ಎಂದು ಹೇಳಿ ಕರೆ ಕಡಿದರು.

ಅಪಹರಣ ಎಂದ ಕೂಡಲೇ ನಮ್ಮ ತಲೆಮಾರಿನ ಕನ್ನಡಿಗರ ಮನಸ್ಸು ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. "71 ವರ್ಷದ ರಾಜ್‌ಕುಮಾರ್ ಅವರನ್ನೇ 108 ದಿನ ಕಾಡಿನಲ್ಲಿಟ್ಟುಕೊಂಡಿದ್ದರು, ನಿಮ್ಮಪ್ಪನಿಗೆ ರಾತ್ರಿಯ ಮಾತ್ರೆ ತಪ್ಪಿದರೆ ಬೆಳಗಾಗುವುದೇ ಕಷ್ಟ" ಎಂದು ತಾಯಿ ಅಳತೊಡಗಿದರು. ಆ ಅಳುವನ್ನು ಕೇಳುತ್ತಲೇ ನಾನು ಫೋನಿನಲ್ಲಿ ಐವತ್ತು ಸಾವಿರ ಎಂದು ಬರೆದು, ಪಿನ್ ಒತ್ತುವುದಷ್ಟೇ ಬಾಕಿ ಇತ್ತು. ಪಕ್ಕದ ಮನೆಯ ಮರಾಠಿ ಗೃಹಸ್ಥರು ನನ್ನ ಕೈಯಿಂದ ಫೋನನ್ನು ಕಿತ್ತುಕೊಂಡು, ಅಕ್ಷರಶಃ ತೋಳು ಹಿಡಿದು, ಠಾಣೆಗೆ ಕರೆದೊಯ್ದರು. ಅವರಿಗೆ ನಾನು ಇಂದಿಗೂ ಋಣಿ.

ಠಾಣೆಯಲ್ಲಿ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, "ತಂದೆಯ ಧ್ವನಿ ಕೇಳಿದಿರಾ?" ಎಂಬುದು. ಕೇಳಿರಲಿಲ್ಲ. ಮುಂದಿನ ಕರೆ ಬಂದಾಗ ಸ್ಪೀಕರ್ ಹಾಕಿಸಿ, ದನಿ ಏರಿಸದೆ, ಹಣ ಹೊಂದಿಸುತ್ತಿದ್ದೇನೆ ಎಂದು ಹೇಳುತ್ತ ಮಾತನ್ನು ಎಳೆಯಲು ಸೂಚಿಸಿದರು, ಮತ್ತು ತಂದೆಗೆ ಮಾತ್ರ ಗೊತ್ತಿರುವ ಯಾವುದಾದರೂ ಒಂದು ಸಂಗತಿಯನ್ನು ಕೇಳಲು ಹೇಳಿದರು. ಊರಿನ ಮನೆಯ ಬಾವಿಕಟ್ಟೆಯ ಪಕ್ಕದಲ್ಲಿರುವ ಮರ ಯಾವುದೆಂದು ಅಪ್ಪನನ್ನು ಕೇಳಿ ಹೇಳಿ, ಹಣ ಕಳಿಸುತ್ತೇನೆ ಎಂದೆ. ಅದು ಬಿಂಬುಳಿ ಮರ, ಅದರ ಕಾಯನ್ನು ಮೀನಿನ ಸಾರಿಗೆ ಹಾಕುವುದನ್ನು ಅಪ್ಪ ನೂರು ಸಲ ಹೇಳಿದ್ದಾರೆ, ಅರೆಪ್ರಜ್ಞೆಯಲ್ಲೂ ಅವರು ಅದನ್ನು ಮರೆಯುವವರಲ್ಲ. ಆ ಕಡೆ ಕೆಲವು ಕ್ಷಣ ಮೌನ. ಆ ಮೌನದಲ್ಲಿ "ಪುಢೀಲ ಸ್ಟೇಶನ್" (ಮುಂದಿನ ನಿಲ್ದಾಣ) ಎಂಬ ಲೋಕಲ್ ರೈಲಿನ ಧ್ವನಿ ಸ್ಪಷ್ಟವಾಗಿ ಕೇಳಿಸಿತು. ತಂದೆಯನ್ನು ಮುಂಬಯಿಯಿಂದ ಆಚೆ ಸಾಗಿಸಿದ್ದೇವೆ ಎಂದು ಹೇಳುತ್ತಿದ್ದವನು ಲೋಕಲ್‌ನಲ್ಲಿ ಕುಳಿತಿದ್ದ. ಬಾಯಿಗೆ ಬಟ್ಟೆ ಕಟ್ಟಿದ್ದೇವೆ, ಮಾತನಾಡಲಾರ ಎಂದು ಬೈದು ಫೋನಿಟ್ಟ.

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ತಾಯಿಯವರ ಫೋನು ಒಬ್ಬನ ಕೈಯಲ್ಲಿದೆ ಎಂದಮಾತ್ರಕ್ಕೆ ತಾಯಿಯವರೂ ಅವನ ಕೈಯಲ್ಲಿದ್ದಾರೆಂದು ಆಗುವುದಿಲ್ಲ. ನಿಜವಾಗಿಯೂ ಅವನ ವಶದಲ್ಲಿರಬಹುದು, ಆದ್ದರಿಂದ ಬೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆದರೆ ಅವರು ಎಲ್ಲೋ ಕುಸಿದು ಬಿದ್ದು ಆಸ್ಪತ್ರೆ ಸೇರಿರಬಹುದು, ದಾರಿ ತಪ್ಪಿರಬಹುದು, ಬಿದ್ದ ಫೋನು ಬೇರೆಯವನಿಗೆ ಸಿಕ್ಕಿರಬಹುದು. ಫೋನಿನ ಬೆನ್ನು ಹತ್ತುವುದು ಒಂದು ಕೆಲಸ, ತಾಯಿಯವರನ್ನು ಹುಡುಕುವುದು ಮತ್ತೊಂದು ಕೆಲಸ, ಎರಡೂ ಈ ಗಂಟೆಯಿಂದಲೇ ಒಟ್ಟಿಗೆ ನಡೆಯಬೇಕು.

ಠಾಣೆಯಲ್ಲಿ ಮಾತನ್ನು ಹೇಗೆ ಆರಂಭಿಸುತ್ತೀರಿ ಎಂಬುದು ಬಹಳ ಮುಖ್ಯ. ತಾಯಿ ಕಾಣೆಯಾಗಿದ್ದಾರೆ ಎಂದಷ್ಟೇ ಹೇಳಿದರೆ ವಯಸ್ಕರ 'ಮಿಸ್ಸಿಂಗ್' ದೂರೆಂದು ಬರೆದುಕೊಂಡು ಕಳಿಸಿಬಿಡುವ ಸಂಭವವಿದೆ. ಹಣ ಕೇಳಿ ಜೀವಬೆದರಿಕೆಯ ಕರೆ ಬಂದಿದೆ ಎಂಬುದು ನಿಮ್ಮ ಮೊದಲ ವಾಕ್ಯವಾಗಿರಲಿ. 24 ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಹಣಕ್ಕಾಗಿ ಅಪಹರಣವು ಹಿಂದೆ ಭಾರತೀಯ ದಂಡ ಸಂಹಿತೆಯ 364ಎ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 140(2)ನೇ ಕಲಮು, ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. ಇಂಥ ಸಂಜ್ಞೇಯ (ವಾರಂಟಿಲ್ಲದೆ ಬಂಧಿಸಬಹುದಾದ) ಅಪರಾಧದ ಮಾಹಿತಿ ಕೊಟ್ಟಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಘಟನೆ ನಮ್ಮ ಹದ್ದಿನಲ್ಲಿ ನಡೆದಿಲ್ಲ ಎಂದು ಯಾರಾದರೂ ಹೇಳಿದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ಜೀರೊ ಎಫ್‌ಐಆರ್ ಆಗಬೇಕೆಂದು ವಿನಯದಿಂದಲೇ ಆದರೆ ಬಿಡದೆ ಹೇಳಿ, ಪ್ರತಿಯನ್ನು ಕೇಳಿ ಪಡೆಯಿರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ದೂರಿನಲ್ಲಿ ಕರೆ ಬಂದ ಸಮಯ, ಎಷ್ಟು ನಿಮಿಷ ಮಾತನಾಡಿದರು ಎಂಬುದರ ಜೊತೆಗೆ, ಬೆದರಿಕೆಯ ಮಾತುಗಳನ್ನು ಅವರು ಆಡಿದ ಭಾಷೆಯಲ್ಲೇ, ಆಡಿದ ಹಾಗೆಯೇ ಬರೆಸಿ. ಇದಕ್ಕೆ ಕಾರಣವಿದೆ. ಬರೀ ಹಿಡಿದಿಟ್ಟು ಹಣ ಕೇಳಿದ್ದು ಸಾಲದು, ಕೊಲ್ಲುವ ಅಥವಾ ಗಾಯಗೊಳಿಸುವ ಬೆದರಿಕೆ, ಅಂಥ ಭಯ ಹುಟ್ಟಿಸುವ ನಡವಳಿಕೆ ಅಥವಾ ನಿಜವಾಗಿಯೂ ಆದ ಗಾಯ, ಸಾವು ಸಾಬೀತಾದರೆ ಮಾತ್ರ 364ಎ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2021ರ ಒಂದು ತೀರ್ಪಿನಲ್ಲಿ ವಿವರಿಸಿದೆ. ನೀವು ಗಾಬರಿಯಲ್ಲಿ "ಹೆದರಿಸಿದರು" ಎಂದು ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಮುಂದೆ ಅದು ಭಾರವಾಗುತ್ತದೆ. ಮುಂದಿನ ಕರೆಗಳನ್ನು ತಪ್ಪದೆ ರೆಕಾರ್ಡ್ ಮಾಡಿ. ನಿಮ್ಮ ಫೋನಿನಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಸ್ಪೀಕರ್ ಹಾಕಿ ಇನ್ನೊಂದು ಫೋನಿನಲ್ಲಿ ಹಿಡಿದುಕೊಳ್ಳಿ.

ತಾಯಿಯವರ ಸಿಮ್ಮನ್ನಾಗಲಿ ಫೋನನ್ನಾಗಲಿ ಬ್ಲಾಕ್ ಮಾಡಿಸಬೇಡಿ. ಕಳೆದುಹೋದ ಫೋನಿಗೆ ಎಲ್ಲರೂ ಮೊದಲು ಹೇಳುವ ಸಲಹೆ ಅದೇ, ನನ್ನ ತಂಗಿಯೂ ಅದನ್ನೇ ಮಾಡಲು ಹೊರಟಿದ್ದಳು. ಆದರೆ ಆ ಫೋನು ಜೀವಂತವಿರುವವರೆಗೆ ಮಾತ್ರ ಪೊಲೀಸರಿಗೆ ಟವರಿನ ಜಾಡು ಸಿಗುತ್ತದೆ, ಪದೇಪದೇ ಕರೆ ಮಾಡಿ ಅದರ ಬ್ಯಾಟರಿ ಖಾಲಿ ಮಾಡುವುದೂ ಬೇಡ. ಬ್ಯಾಂಕಿಗೆ ತಿಳಿಸಿ ಅವರ ಖಾತೆಯಿಂದ ಹಣ ಹೋಗದಂತೆ ತಡೆಯುವುದು ಬೇರೆ ವಿಷಯ, ಅದನ್ನು ತಕ್ಷಣ ಮಾಡಿ, ಮತ್ತು ನಿನ್ನೆ ಸಂಜೆಯಿಂದ ಎಲ್ಲಾದರೂ ಹಣ ತೆಗೆದಿದ್ದರೆ ಆ ಸ್ಥಳವನ್ನು ಪೊಲೀಸರಿಗೆ ಹೇಳಿ. ನೀವು ಈಗಾಗಲೇ ಏನಾದರೂ ಕಳಿಸಿದ್ದರೆ ನಾಚಿಕೆ ಪಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಆ ಹಣವನ್ನು ತಡೆಹಿಡಿಯುವುದು ಕಷ್ಟ. ದೊಡ್ಡ ಮೊತ್ತವನ್ನು ಕೊಡುವ ಬಿಡುವ ತೀರ್ಮಾನವನ್ನು ಪೊಲೀಸರ ಎದುರಿನಲ್ಲಿ ಮಾಡಿ, ಒಬ್ಬರೇ ಮಾಡಬೇಡಿ.

ತಾಯಿಯವರು ಧಾರವಾಡದವರು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು ಎಂದು ಬರೆದಿದ್ದೀರಿ. ಹಾಗಾದರೆ ಅವರೊಂದಿಗೆ ಕನ್ನಡದಲ್ಲೇ ಮಾತನಾಡಬೇಕೆಂದು ಹಟ ಹಿಡಿಯಿರಿ. ಈಗ ಧ್ವನಿಯನ್ನೂ ಕಂಪ್ಯೂಟರಿನಿಂದ ನಕಲು ಮಾಡುತ್ತಾರಾದ್ದರಿಂದ ಬರೀ ಅಳುವ ದನಿ ಕೇಳಿಸಿದರೆ ನಂಬಬೇಡಿ. ಫೇಸ್‌ಬುಕ್ಕಿನಲ್ಲಿ ಸಿಗದ, ಮನೆಯೊಳಗಿನ ಒಂದು ಪ್ರಶ್ನೆಯನ್ನು ಕೇಳಿ: ಚಿಕ್ಕಂದಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು, ಅಜ್ಜಿಯ ಮನೆಯ ಎತ್ತುಗಳ ಹೆಸರೇನು, ಇಂಥದ್ದು. ಸರಿಯಾದ ಉತ್ತರ ಬಂದರೆ ತಾಯಿಯವರು ಅವರ ಬಳಿಯೇ ಇದ್ದಾರೆಂದು ಪೊಲೀಸರಿಗೆ ಖಚಿತವಾಗುತ್ತದೆ, ಆಗ ಅವರು ನಡೆಯುವ ರೀತಿಯೇ ಬೇರೆಯಾಗುತ್ತದೆ.

ಇನ್ನು ಹುಡುಕಾಟ. ನನ್ನ ತಂದೆ ಸಿಕ್ಕಿದ್ದು ಒಂದು ದಪ್ಪ ರಿಜಿಸ್ಟರಿನಲ್ಲಿ. ಡೊಂಬಿವಲಿಯ ಪೊಲೀಸ್ ಠಾಣೆ ಥಾಣೆ ನಗರದ ಕಮಿಷನರೇಟಿಗೆ ಸೇರಿದ್ದು, ಮಾಟುಂಗ ಮುಂಬಯಿ ಕಮಿಷನರೇಟಿಗೆ, ನಡುವಿನ ಸ್ಟೇಷನ್ನುಗಳೆಲ್ಲ ರೈಲ್ವೆ ಪೊಲೀಸರಿಗೆ. ಒಬ್ಬರ ಕಾಗದ ಇನ್ನೊಬ್ಬರ ಮೇಜಿಗೆ ತಲುಪುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ಮರುದಿನ ಬೆಳಿಗ್ಗೆ ನಾನು ರೈಲ್ವೆ ಪೊಲೀಸರ ಠಾಣೆಗೆ ಹೋದಾಗ ಹವಾಲ್ದಾರರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ನೀಲಿ ಶಾಯಿಯ ಮರಾಠಿ ಅಕ್ಷರಗಳಲ್ಲಿ "ಅನೋಳಖೀ ಪುರುಷ, ವಯ ಅಂದಾಜೇ 70 ವರ್ಷೇ" (ಗುರುತು ಸಿಗದ ಗಂಡಸು, ವಯಸ್ಸು ಸುಮಾರು 70) ಎಂದಿತ್ತು, ಅದರ ಮುಂದೆ ಎಡ ಮುಂಗೈ ಮೇಲೆ ಹಳೆಯ ಸುಟ್ಟ ಕಲೆ ಎಂದಿತ್ತು. ಅದು ಕಾದ ಎಣ್ಣೆ ಸಿಡಿದು ಆದ ಕಲೆ, ನಾನು ಹುಟ್ಟುವ ಮೊದಲಿನದು. ಪ್ಲಾಟ್‌ಫಾರಂನಲ್ಲಿ ಕುಸಿದವರನ್ನು ಬೆಳಿಗ್ಗೆ ಹನ್ನೊಂದೂವರೆಗೇ ಸ್ಟೇಷನ್ ಮಾಸ್ತರರ ಮೆಮೊದೊಂದಿಗೆ ಪಾಲಿಕೆಯ ಆಸ್ಪತ್ರೆಗೆ ಕಳಿಸಿದ್ದರು. ನಮಗೆ ಬೆದರಿಕೆಯ ಕರೆ ಬರುವುದಕ್ಕಿಂತ ಒಂಬತ್ತು ಗಂಟೆ ಮೊದಲೇ ಅವರು ವಾರ್ಡಿನ ಹಾಸಿಗೆಯ ಮೇಲಿದ್ದರು. ರಕ್ತದಲ್ಲಿ ಸೋಡಿಯಂ 114ಕ್ಕೆ ಇಳಿದಿತ್ತು (135ಕ್ಕಿಂತ ಕೆಳಗಿರಬಾರದು), ಬಿಪಿಗೆಂದು ಕೊಟ್ಟಿದ್ದ ಮೂತ್ರ ಹೆಚ್ಚಿಸುವ ಮಾತ್ರೆ ಅದಕ್ಕೆ ಕಾರಣವೆಂದರು. ಹೆಸರು ಕೇಳಿದರೆ "ಎರಡು ಸಾದಾ, ಒಂದು ಮಸಾಲೆ" ಎಂದಷ್ಟೇ ಹೇಳುತ್ತಿದ್ದರಂತೆ, ಅಲ್ಲಿದ್ದ ದಾದಿಯರಿಗೆ ಅದು ಯಾವ ಭಾಷೆಯೆಂದೂ ತಿಳಿದಿರಲಿಲ್ಲ. ಪ್ಲಾಟ್‌ಫಾರಂನಲ್ಲಿ ಬಿದ್ದಿದ್ದ ಫೋನಿಗೆ ಲಾಕ್ ಇರಲಿಲ್ಲ, ತುರ್ತಿಗೆ ಬೇಕಾದೀತೆಂದು 'ಸನ್' ಎಂದು ನನ್ನ ನಂಬರನ್ನು ಸೇವ್ ಮಾಡಿಕೊಟ್ಟವನು ನಾನೇ. ಎತ್ತಿಕೊಂಡವನು ಸಂಜೆಯಿಡೀ ಬಂದ ಕರೆಗಳನ್ನು ನೋಡಿ ಲೆಕ್ಕ ಹಾಕಿದ್ದ. ಎರಡು ವಾರದ ಬಳಿಕ ಸಿಕ್ಕಿಬಿದ್ದ.

ನಿಮ್ಮಲ್ಲೂ ಹದ್ದಿನ ತೊಡಕು ಇದೆ. ನಿಗಡಿ ಇರುವುದು 2018ರಲ್ಲಿ ಬೇರೆಯಾದ ಪಿಂಪ್ರಿ-ಚಿಂಚ್‌ವಡ ಕಮಿಷನರೇಟಿನಲ್ಲಿ, ಪುಣೆ ನಗರದ್ದು ಬೇರೆ, ರೈಲ್ವೆಯದ್ದು ಮತ್ತೂ ಬೇರೆ. ಆದ್ದರಿಂದ ಮನೆಯವರಲ್ಲಿ ಒಬ್ಬರು ಪಿಂಪ್ರಿಯ ವೈಸಿಎಂ ಆಸ್ಪತ್ರೆಗೂ ಇನ್ನೊಬ್ಬರು ಪುಣೆ ಸ್ಟೇಷನ್ನಿನ ಹತ್ತಿರದ ಸಸೂನ್ ಆಸ್ಪತ್ರೆಗೂ ಖುದ್ದಾಗಿ ಹೋಗಿ, ಕ್ಯಾಜುವಾಲ್ಟಿಯಲ್ಲಿ ಹೆಸರು ಹೇಳದೆ "ಅನೋಳಖೀ" ಎಂದು ದಾಖಲಾದ ಹೆಂಗಸರು ಇದ್ದಾರೆಯೇ ಎಂದು ಕೇಳಿ. ಹೆಸರು ಹೇಳಿ ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಶವಾಗಾರವನ್ನೂ ವಿಚಾರಿಸಬೇಕಾಗುತ್ತದೆ, ಅದಕ್ಕೆ ನೀವು ಹೋಗಬೇಡಿ, ದೂರದ ಸಂಬಂಧಿಯನ್ನೋ ಸ್ನೇಹಿತರನ್ನೋ ಕಳಿಸಿ. ಆಕುರ್ಡಿ, ಚಿಂಚ್‌ವಡ, ಪುಣೆ ಸ್ಟೇಷನ್ನುಗಳನ್ನು ನೋಡಿಸಿ. ತಾಯಿಯವರು ಇತ್ತೀಚೆಗೆ "ಊರಿಗೆ ಹೋಗಬೇಕು" ಎನ್ನುತ್ತಿದ್ದರೇ ಎಂದು ನೆನಪಿಸಿಕೊಳ್ಳಿ. ಹಾಗಿದ್ದರೆ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಯ ನಮ್ಮ ಬಸ್ಸುಗಳ ಕಂಡಕ್ಟರುಗಳಿಗೆ ಫೋಟೊ ತೋರಿಸಿ. ಮರೆವು ಇತ್ತೇ ಎಂಬುದನ್ನೂ ಪೊಲೀಸರಿಂದ ಮುಚ್ಚಿಡಬೇಡಿ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನಕ್ಕೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನೂ ಇಲ್ಲ.

ವಾಟ್ಸಾಪಿನಲ್ಲಿ ಫೋಟೊ ಹಂಚುವ ಮೊದಲು ತನಿಖಾಧಿಕಾರಿಯನ್ನು ಕೇಳಿ. ಹಂಚಿದರೂ ನಿಮ್ಮ ನಂಬರಿನ ಬದಲು ಠಾಣೆಯ ನಂಬರು ಹಾಕಿ, ಮತ್ತು ಗುರುತುಗಳಲ್ಲಿ ಒಂದನ್ನು ಬರೆಯದೆ ಉಳಿಸಿಕೊಳ್ಳಿ. ನಾವು ನಮ್ಮ ನಂಬರನ್ನು ಹಾಕಿದ ರಾತ್ರಿ ಇನ್ನಿಬ್ಬರು ಕರೆ ಮಾಡಿ ತಂದೆ ತಮ್ಮ ಬಳಿ ಇದ್ದಾರೆಂದು ಹಣ ಕೇಳಿದರು, ಮುಂಗೈಯಲ್ಲಿ ಏನು ಗುರುತಿದೆ ಎಂದಾಗ ಇಬ್ಬರೂ ಸುಮ್ಮನಾದರು. ವಾಚ್‌ಮನ್, ಕೆಲಸದವಳು, ಹಾಲಿನವನು ಇವರ ಮೇಲೆ ಸಂಶಯವಿದ್ದರೆ ಪೊಲೀಸರ ಕಿವಿಯಲ್ಲಿ ಹೇಳಿ, ಅವರ ಮುಖದೆದುರು ಕೂಗಾಡಬೇಡಿ. ತಾಯಿಯವರನ್ನು ಕೊನೆಗೆ ನೋಡಿದವರು ಅವರೇ ಆಗಿರಬಹುದು.

ಅವರು ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಇತ್ತೀಚಿನ ಫೋಟೊ, ಆಧಾರ್ ಪ್ರತಿ, ಫೋನಿನ ಡಬ್ಬಿಯ ಮೇಲಿರುವ ಐಎಂಇಐ ಸಂಖ್ಯೆ, ಇಷ್ಟನ್ನು ಕೈಯಲ್ಲಿ ಹಿಡಿದು ಹೊರಡಿ. ನನ್ನ ಹೆಂಡತಿಯ ತಮ್ಮ ಚಿಂಚ್‌ವಡದಲ್ಲಿದ್ದಾನೆ, ಮರಾಠಿ ಚೆನ್ನಾಗಿ ಬರುತ್ತದೆ, ಈಗಷ್ಟೇ ಅವನೊಂದಿಗೆ ಮಾತನಾಡಿದ್ದೇನೆ. ನೀವು ಠಾಣೆಯಲ್ಲಿರುವಾಗ ವೈಸಿಎಂ ಆಸ್ಪತ್ರೆಗೆ ಹೋಗಿ ನೋಡಿಬರಲು ಸಿದ್ಧನಿದ್ದಾನೆ. ತಾಯಿಯವರು ಉಟ್ಟಿದ್ದ ಸೀರೆಯ ಬಣ್ಣ ಮತ್ತು ಮೈಮೇಲಿನ ಒಂದು ಗುರುತನ್ನು ಇಲ್ಲಿ ಎಲ್ಲರಿಗೂ ಕಾಣುವಂತೆ ಬರೆಯದೆ, ನನಗೆ ಪ್ರತ್ಯೇಕವಾಗಿ ಕಳಿಸಿ.